ಮಾತು ಕಳೆದುಕೊಂಡ ಜೀವ: ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಮತ್ತು ಚಲನಚಿತ್ರ

1931ರ ನವೆಂಬರಿನಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆಯು ‘ಫ್ರಾಂಕೆನ್‌ಸ್ಟೈನ್’ ಎಂಬ ಚಲನಚಿತ್ರವನ್ನು ಬಿಡುಗಡೆ ಮಾಡಿತು. ಜೇಮ್ಸ್ ವೇಲ್ ನಿರ್ದೇಶಿಸಿದ ಈ ಚಿತ್ರದ ಆರಂಭದ ಹೆಸರುಪಟ್ಟಿಯಲ್ಲಿ ಎರಡು ಸಂಗತಿಗಳು ಗಮನ ಸೆಳೆಯುತ್ತವೆ. ಪ್ರಯೋಗಶಾಲೆಯಲ್ಲಿ ಹುಟ್ಟುವ ವಿಕಾರಜೀವಿಯ ಪಾತ್ರದ ಎದುರು ನಟನ ಹೆಸರಿಲ್ಲ. ಅಲ್ಲಿರುವುದು ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ. ಮೂಲ ಕಾದಂಬರಿಯ ಕರ್ತೃವಿನ ಹೆಸರು ‘ಶ್ರೀಮತಿ ಪರ್ಸಿ ಬಿ. ಶೆಲ್ಲಿ’ ಎಂದಿದೆ. ಕೃತಿಯನ್ನು ರಚಿಸಿದ ಮೇರಿ ಶೆಲ್ಲಿ ತನ್ನ ಗಂಡನ ಹೆಸರಿನ ಹಿಂದೆ ಮರೆಯಾದರೆ, ಆಕೆ ಸೃಷ್ಟಿಸಿದ ಪಾತ್ರ ಒಂದು ಚಿಹ್ನೆಯ ಹಿಂದೆ ಮರೆಯಾಗಿದೆ. ಇದು ಪ್ರಚಾರತಂತ್ರವಿರಬಹುದು, ಆ ಕಾಲದ ರೂಢಿಯೂ ಇರಬಹುದು. ಆದರೆ ಕಾದಂಬರಿಯಿಂದ ಚಿತ್ರಕ್ಕೆ ಬರುವಷ್ಟರಲ್ಲಿ ಏನು ಕಳೆದುಹೋಯಿತು ಎಂಬುದರ ಸುಳಿವು ಈ ಪಟ್ಟಿಯಲ್ಲಿಯೇ ಇದೆ.

ಕಾದಂಬರಿಯನ್ನೂ ಅದನ್ನು ಆಧರಿಸಿದ ಚಿತ್ರವನ್ನೂ ಹೋಲಿಸುವ ಬರಹಗಳು ಸಾಮಾನ್ಯವಾಗಿ ವ್ಯತ್ಯಾಸಗಳ ಪಟ್ಟಿಯಾಗಿ ಮುಗಿಯುತ್ತವೆ. ‘ಫ್ರಾಂಕೆನ್‌ಸ್ಟೈನ್’ ವಿಷಯದಲ್ಲಿ ಅಂತಹ ಪಟ್ಟಿಗೆ ಕೊನೆಯೇ ಇಲ್ಲ. ಆದರೆ ಉಳಿದೆಲ್ಲ ವ್ಯತ್ಯಾಸಗಳಿಗೂ ತಾಯಿಬೇರಿನಂತಿರುವ ಒಂದು ವ್ಯತ್ಯಾಸವಿದೆ. ಕಾದಂಬರಿಯ ಜೀವಿ ಮಾತನಾಡುತ್ತಾನೆ. ಚಿತ್ರದ ಜೀವಿ ಮಾತನಾಡುವುದಿಲ್ಲ. ಈ ಮೌನ ಎಲ್ಲಿಂದ ಬಂತು, ಅದರಿಂದ ಕೃತಿಯ ನೈತಿಕ ಪ್ರಶ್ನೆ ಹೇಗೆ ಬದಲಾಯಿತು ಎಂಬುದು ಪರಿಶೀಲನೆಗೆ ಯೋಗ್ಯವಾದ ವಿಷಯ.

ಕಾದಂಬರಿಯ ಹುಟ್ಟಿನ ಕಥೆ ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾದುದು. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸ್ಫೋಟಿಸಿ ಆಕಾಶಕ್ಕೆ ಚಿಮ್ಮಿದ ಧೂಳು ಮರುವರ್ಷ ಯುರೋಪಿನ ಬೇಸಗೆಯನ್ನೇ ನುಂಗಿಹಾಕಿತು. 1816ರ ಜೂನ್‌ನಲ್ಲಿ ಜಿನೀವಾ ಸರೋವರದ ದಂಡೆಯ ವಿಲ್ಲಾ ಡಿಯೊಡಾಟಿಯಲ್ಲಿ ಕವಿ ಬೈರನ್, ಅವನ ವೈದ್ಯ ಪಾಲಿಡೊರಿ, ಕವಿ ಪರ್ಸಿ ಶೆಲ್ಲಿ, ಮೇರಿ ಮತ್ತು ಆಕೆಯ ಮಲತಂಗಿ ಕ್ಲೇರ್ ಮಳೆಯ ಕಾರಣದಿಂದ ಒಳಗೇ ಕುಳಿತು ದೆವ್ವದ ಕಥೆಗಳನ್ನು ಓದುತ್ತಿದ್ದರು. ಪ್ರತಿಯೊಬ್ಬರೂ ಅಂತಹದೊಂದು ಕಥೆ ಬರೆಯಬೇಕೆಂದು ಬೈರನ್ ಸೂಚಿಸಿದ. ಆಗ ಮೇರಿಗೆ ಹದಿನೆಂಟು ವರ್ಷ. ಆಕೆ ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ಮೇರಿ ವೋಲ್‌ಸ್ಟನ್‌ಕ್ರಾಫ್ಟ್ ತೀರಿಕೊಂಡಿದ್ದಳು. 1815ರಲ್ಲಿ ಆಕೆಯ ಮೊದಲ ಹೆಣ್ಣುಮಗು ದಿನ ತುಂಬುವ ಮುನ್ನವೇ ಹುಟ್ಟಿ ಕೆಲ ದಿನಗಳಲ್ಲಿ ಸತ್ತಿತ್ತು. ಬೆಂಕಿಯ ಬಳಿ ಉಜ್ಜಿದಾಗ ಆ ಮಗು ಮತ್ತೆ ಜೀವ ತಳೆದಂತೆ ಕಂಡ ಕನಸನ್ನು ಮೇರಿ ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. ಜೀವ ಕೊಡುವುದೆಂದರೇನು, ಜೀವ ಕೊಟ್ಟವರ ಹೊಣೆಯೇನು ಎಂಬುದು ಆಕೆಗೆ ಬರಿಯ ತಾತ್ವಿಕ ಪ್ರಶ್ನೆಯಾಗಿರಲಿಲ್ಲ.

ಅಂದಿನ ವಿಜ್ಞಾನವೂ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಿತ್ತು. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿನಿಂದ ಮಿಡಿಯುವುದನ್ನು ತೋರಿಸಿದ್ದ. ಅವನ ಸೋದರಳಿಯ ಅಲ್ಡೀನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಕೈದಿಯೊಬ್ಬನ ಶವಕ್ಕೆ ವಿದ್ಯುತ್ ಹರಿಸಿ ಅದರ ಮುಖದ ಸ್ನಾಯುಗಳು ಸೆಟೆದು ಕಣ್ಣು ತೆರೆಯುವಂತೆ ಮಾಡಿದ್ದ. ಈ ಹಿನ್ನೆಲೆಯ ಕಾರಣದಿಂದಲೇ ಬ್ರಿಟಿಷ್ ಲೇಖಕ ಬ್ರಯನ್ ಆಲ್ಡಿಸ್ 1973ರಲ್ಲಿ ಇದನ್ನು ಜಗತ್ತಿನ ಮೊದಲ ವೈಜ್ಞಾನಿಕ ಕಾದಂಬರಿಯೆಂದು ವಾದಿಸಿದ. 1818ರ ಜನವರಿ 1ರಂದು ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ, 500 ಪ್ರತಿಗಳಲ್ಲಿ ಪ್ರಕಟವಾದ ಕೃತಿಯ ಮೇಲೆ ಲೇಖಕಿಯ ಹೆಸರಿರಲಿಲ್ಲ. ಪರ್ಸಿಯೇ ಇದರ ಕರ್ತೃವೆಂದು ವಾಲ್ಟರ್ ಸ್ಕಾಟ್ ಕೂಡ ತನ್ನ ವಿಮರ್ಶೆಯಲ್ಲಿ ಭಾವಿಸಿದ. ಮೇರಿಯ ಹೆಸರು ಮುಖಪುಟಕ್ಕೆ ಬಂದದ್ದು 1823ರ ಎರಡನೆಯ ಮುದ್ರಣದಲ್ಲಿ. ಇಂದು ಹೆಚ್ಚಾಗಿ ಓದಲ್ಪಡುವ ಪರಿಷ್ಕೃತ ಪಾಠ 1831ರದು.

ಕಾದಂಬರಿಯ ನಿರೂಪಣೆ ಒಂದರೊಳಗೊಂದು ಇಟ್ಟ ಮೂರು ಕರಂಡಕಗಳಂತಿದೆ. ಹೊರಗಿನದು ಉತ್ತರಧ್ರುವದತ್ತ ಹೊರಟ ನಾವಿಕ ವಾಲ್ಟನ್ ತನ್ನ ಅಕ್ಕನಿಗೆ ಬರೆದ ಪತ್ರಗಳು. ಅದರೊಳಗೆ, ಹಿಮದಲ್ಲಿ ಸಾಯುವ ಸ್ಥಿತಿಯಲ್ಲಿ ಅವನಿಗೆ ಸಿಕ್ಕ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಹೇಳುವ ಆತ್ಮಕಥೆ. ಅದರ ಒಳಗೆ, ಕೃತಿಯ ಸರಿಯಾದ ನಡುಭಾಗದಲ್ಲಿ, ವಿಕ್ಟರ್ ನಿರ್ಮಿಸಿದ ಜೀವಿಯ ಸ್ವಂತ ಮಾತು. ಹಲವು ಅಧ್ಯಾಯಗಳುದ್ದಕ್ಕೂ ಅವನೊಬ್ಬನೇ ಮಾತನಾಡುತ್ತಾನೆ, ಸೃಷ್ಟಿಕರ್ತ ಕೇಳಿಸಿಕೊಳ್ಳುತ್ತಾನೆ. ಅಲ್ಲಿಯವರೆಗೆ ವಿಕ್ಟರನ ಬಾಯಿಂದ ‘ಪಿಶಾಚಿ’ ಎಂಬ ಬೈಗುಳವನ್ನೇ ಕೇಳುತ್ತ ಬಂದ ಓದುಗನ ತೀರ್ಪು ಇಲ್ಲಿ ಅಲುಗಾಡುತ್ತದೆ. ಹೊರಗಿನಿಂದ ವಿಕಾರವಾಗಿ ಕಂಡದ್ದು ಒಳಗಿನಿಂದ ಕೇಳಿದಾಗ ಬೇರೆಯಾಗುತ್ತದೆ. ಇದು ಬರಿಯ ಕಥನತಂತ್ರವಲ್ಲ, ಕಾದಂಬರಿಯ ಜೀವಾಳ.

ಆ ಜೀವಿ ಭಾಷೆ ಕಲಿಯುವ ಬಗೆಯೂ ಅಷ್ಟೇ ಮುಖ್ಯ. ಹುಟ್ಟಿದ ಕ್ಷಣದಲ್ಲೇ ತೊರೆಯಲ್ಪಟ್ಟ ಅವನು ಕಾಡಿನಂಚಿನ ಒಂದು ಬಡ ಕುಟುಂಬದ ಮನೆಗೆ ತಗುಲಿದ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ನೋಡುತ್ತ ಮನುಷ್ಯರ ಮಾತನ್ನು ಕಲಿಯುತ್ತಾನೆ. ರಾತ್ರಿ ಯಾರಿಗೂ ಕಾಣದಂತೆ ಅವರಿಗಾಗಿ ಸೌದೆ ತಂದು ಹಾಕುತ್ತಾನೆ. ದಾರಿಯಲ್ಲಿ ಸಿಕ್ಕ ಪೆಟ್ಟಿಗೆಯೊಂದರಿಂದ ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’, ಪ್ಲುಟಾರ್ಕನ ಜೀವನಚರಿತ್ರೆಗಳು ಮತ್ತು ಗಯಟೆಯ ‘ವರ್ಥರ್’ ಕೃತಿಗಳನ್ನು ಓದುತ್ತಾನೆ. ತಾನು ಆದಮನಂತೆ ಹುಟ್ಟಿದವನಾದರೂ ತನ್ನ ಪಾಡು ಸೈತಾನನದು ಎಂಬ ಅರಿವು ಅವನಿಗೆ ಬರುವುದು ಈ ಓದಿನಿಂದ. ಆ ಮನೆಯ ಕುರುಡ ಮುದುಕ ಮಾತ್ರ ಅವನ ಮಾತನ್ನು ಸಹನೆಯಿಂದ ಕೇಳುತ್ತಾನೆ. ಕಣ್ಣಿದ್ದ ಮಗ ಬಂದೊಡನೆ ಕೋಲಿನಿಂದ ಹೊಡೆಯುತ್ತಾನೆ. ಮುಂದೆ ತೊರೆಯಲ್ಲಿ ಮುಳುಗುತ್ತಿದ್ದ ಹುಡುಗಿಯೊಬ್ಬಳನ್ನು ಅವನು ದಡಕ್ಕೆ ತಂದಾಗ ಸಿಕ್ಕ ಪ್ರತಿಫಲ ಬಂದೂಕಿನ ಗುಂಡು.

ಈ ಜೀವಿಯ ಆಹಾರದ ಬಗೆಗೆ ಮೇರಿ ಬರೆದಿರುವುದು ಜೈನ ಸಾಹಿತ್ಯದ ಅಧ್ಯಯನಕಾರರ ಗಮನಕ್ಕೆ ಅರ್ಹವಾಗಿದೆ. ತನಗಾಗಿ ಒಬ್ಬ ಸಂಗಾತಿಯನ್ನು ನಿರ್ಮಿಸಿಕೊಟ್ಟರೆ ಮನುಷ್ಯರಿಂದ ದೂರ, ದಕ್ಷಿಣ ಅಮೆರಿಕದ ಕಾಡುಗಳಿಗೆ ಹೋಗುವೆನೆಂದು ಅವನು ವಿಕ್ಟರನಲ್ಲಿ ಬೇಡಿಕೊಳ್ಳುತ್ತಾನೆ. ಆಗ, ಹೊಟ್ಟೆ ತುಂಬಿಸಿಕೊಳ್ಳಲು ತಾನು ಕುರಿಮರಿ ಮೇಕೆಮರಿಗಳನ್ನು ಕೊಲ್ಲುವವನಲ್ಲ, ಓಕ್ ಮರದ ಕಾಯಿ ಮತ್ತು ಕಾಡುಹಣ್ಣುಗಳೇ ತನಗೆ ಸಾಕು ಎನ್ನುತ್ತಾನೆ. ಪರ್ಸಿ ಶೆಲ್ಲಿ 1813ರಲ್ಲೇ ಸಸ್ಯಾಹಾರವನ್ನು ಸಮರ್ಥಿಸಿ ಪುಸ್ತಿಕೆಯೊಂದನ್ನು ಪ್ರಕಟಿಸಿದ್ದ. ಆ ಮನೆಯ ಚರ್ಚೆಗಳ ನೆರಳು ಇಲ್ಲಿರುವುದು ಸಹಜ. ಹೆಣಗಳ ಅಂಗಾಂಗಗಳನ್ನೂ ಕಸಾಯಿಖಾನೆಯ ಮಾಂಸವನ್ನೂ ಬಳಸಿ ನಿರ್ಮಿಸಲಾದ ಜೀವಿ ಮಾಂಸವನ್ನು ತ್ಯಜಿಸಿ ಬದುಕಲು ಬಯಸುವುದು ಈ ಕೃತಿಯ ಅತ್ಯಂತ ಆಳವಾದ ವ್ಯಂಗ್ಯಗಳಲ್ಲೊಂದು.

ಹಾಗೆಂದು ಮೇರಿ ಅವನನ್ನು ನಿರಪರಾಧಿಯಾಗಿ ಚಿತ್ರಿಸಿಲ್ಲ. ಅವನು ವಿಕ್ಟರನ ಪುಟ್ಟ ತಮ್ಮ ವಿಲಿಯಮ್‌ನನ್ನು ಕೊಲ್ಲುತ್ತಾನೆ. ಮಗುವಿನ ಕೊರಳಲ್ಲಿದ್ದ ಚಿತ್ರವನ್ನು ಮನೆಗೆಲಸದ ಜಸ್ಟೀನಳ ಉಡುಪಿನಲ್ಲಿ ಅಡಗಿಸಿ ಆಕೆ ಗಲ್ಲಿಗೇರುವಂತೆ ಮಾಡುತ್ತಾನೆ. ವಿಕ್ಟರ್ ಅರ್ಧ ನಿರ್ಮಿಸಿದ ಹೆಣ್ಣುಜೀವಿಯನ್ನು ಹರಿದುಹಾಕಿದ ಮೇಲೆ ಗೆಳೆಯ ಕ್ಲೆರ್ವಲ್ಲನನ್ನೂ ಮದುವೆಯ ರಾತ್ರಿ ಎಲಿಜಬೆತಳನ್ನೂ ಕೊಲ್ಲುತ್ತಾನೆ. ಇವೆಲ್ಲವೂ ತಿಳಿದು ಮಾಡಿದ ಕೃತ್ಯಗಳು. ಮಾತು ಬಲ್ಲವನಾದ್ದರಿಂದಲೇ ಅವನು ತನ್ನ ಪರವಾಗಿ ವಾದಿಸಬಲ್ಲ. ಮಾತು ಬಲ್ಲವನಾದ್ದರಿಂದಲೇ ತನ್ನ ಅಪರಾಧಗಳಿಗೆ ಉತ್ತರದಾಯಿಯೂ ಹೌದು. ಕೊನೆಗೆ ವಿಕ್ಟರನ ಶವದ ಮುಂದೆ ನಿಂತು ಪಶ್ಚಾತ್ತಾಪ ಪಡುವವನೂ, ತನ್ನ ಚಿತೆಯನ್ನು ತಾನೇ ಹೂಡಿಕೊಳ್ಳುವೆನೆಂದು ಹೇಳಿ ಕತ್ತಲಲ್ಲಿ ಮರೆಯಾಗುವವನೂ ಅವನೇ.

ಇಂತಹ ವಾಗ್ಮಿ ಮೂಕನಾದದ್ದು 1931ರಲ್ಲಿ ಅಲ್ಲ ಎಂಬುದು ಚರಿತ್ರೆಯ ದೃಷ್ಟಿಯಿಂದ ಮುಖ್ಯವಾದ ಸಂಗತಿ. 1823ರ ಜುಲೈನಲ್ಲಿ ಲಂಡನ್ನಿನ ಇಂಗ್ಲಿಷ್ ಆಪೆರಾ ಹೌಸ್‌ನಲ್ಲಿ ರಿಚರ್ಡ್ ಬ್ರಿನ್‌ಸ್ಲೆ ಪೀಕ್ ಬರೆದ ನಾಟಕರೂಪ ರಂಗಕ್ಕೆ ಬಂತು. ಸಂಗೀತ, ಅಭಿನಯ, ರೋಮಾಂಚಕ ದೃಶ್ಯಗಳನ್ನೇ ನೆಚ್ಚಿದ ಅಂದಿನ ಮೆಲೊಡ್ರಾಮಾ ಪ್ರಕಾರದಲ್ಲಿ ಮೂಕಪಾತ್ರಗಳು ಜನಪ್ರಿಯವಾಗಿದ್ದವು. ಪೀಕ್ ಆ ಜೀವಿಯ ಮಾತನ್ನೆಲ್ಲ ತೆಗೆದುಹಾಕಿದ; ನಟ ಟಿ. ಪಿ. ಕುಕ್ ಮೂಕಾಭಿನಯದಿಂದಲೇ ಪ್ರೇಕ್ಷಕರನ್ನು ಹಿಡಿದಿಟ್ಟ. ಪಾತ್ರವರ್ಗದ ಹಾಳೆಯಲ್ಲಿ ಜೀವಿಯ ಹೆಸರಿನ ಜಾಗದಲ್ಲಿ ಒಂದು ಗೆರೆ ಮಾತ್ರವಿತ್ತು. ಆಗಸ್ಟ್ ತಿಂಗಳಲ್ಲಿ ಈ ಪ್ರದರ್ಶನವನ್ನು ನೋಡಿದ ಮೇರಿ, ಹೆಸರಿಲ್ಲದವನನ್ನು ಹೀಗೆ ಹೆಸರಿಸಿದ ರೀತಿಯನ್ನು ಪತ್ರವೊಂದರಲ್ಲಿ ಮೆಚ್ಚಿಕೊಂಡಿದ್ದಾಳೆ. ಚಿತ್ರದ ಪ್ರಶ್ನಾರ್ಥಕ ಚಿಹ್ನೆಯ ಪೂರ್ವಜ ಈ ಗೆರೆ. ಕಾದಂಬರಿಯಲ್ಲಿ ಎಲ್ಲಿಯೂ ಇಲ್ಲದ, ಆದರೆ ಚಿತ್ರದಲ್ಲಿ ಪ್ರಸಿದ್ಧನಾದ ಸಹಾಯಕ ಫ್ರಿಟ್ಸ್ ಕೂಡ ಈ ನಾಟಕದಿಂದಲೇ ಬಂದವನು.

1910ರಲ್ಲಿ ಎಡಿಸನ್ ಸಂಸ್ಥೆ ಈ ಕಥೆಯ ಕಿರು ಮೂಕಚಿತ್ರವನ್ನು ತೆಗೆಯಿತು. 1927ರಲ್ಲಿ ಪೆಗ್ಗಿ ವೆಬ್ಲಿಂಗ್ ಇಂಗ್ಲೆಂಡಿನಲ್ಲಿ ಇನ್ನೊಂದು ನಾಟಕ ಬರೆದಳು. ಸೃಷ್ಟಿಕರ್ತನ ಹೆಸರನ್ನು ವಿಕ್ಟರ್ ಬದಲು ಹೆನ್ರಿ ಎಂದು ಮಾಡಿದವಳು ಆಕೆ. ಯೂನಿವರ್ಸಲ್ ಸಂಸ್ಥೆ ತನ್ನ ಚಿತ್ರಕ್ಕೆ ಆಧಾರವಾಗಿ ಇಟ್ಟುಕೊಂಡದ್ದು ಈ ನಾಟಕವನ್ನೇ. ಆದ್ದರಿಂದ 1818ರ ಪಠ್ಯವನ್ನೂ 1931ರ ಚಿತ್ರವನ್ನೂ ನೇರವಾಗಿ ಎದುರುಬದುರು ನಿಲ್ಲಿಸಿ ನಿಷ್ಠೆ-ದ್ರೋಹಗಳ ತೀರ್ಪು ಕೊಡುವುದು ಸರಿಯಾದ ವಿಧಾನವಲ್ಲ. ನಡುವೆ ನೂರು ವರ್ಷಗಳಿಗೂ ಮಿಕ್ಕ ರಂಗಪರಂಪರೆಯಿದೆ. ಚಿತ್ರದ ನಿಜವಾದ ಮೂಲ ಒಂದು ಪುಸ್ತಕವಲ್ಲ, ಒಂದು ಪರಂಪರೆ.

ಹೀಗಿದ್ದರೂ ಚಿತ್ರ ಮಾಡಿದ ಒಂದು ಬದಲಾವಣೆಯ ಹೊಣೆ ಬಹುಮಟ್ಟಿಗೆ ಚಿತ್ರದ್ದೇ. ಫ್ರಿಟ್ಸ್ ವೈದ್ಯಕೀಯ ಕಾಲೇಜಿನಿಂದ ಮಿದುಳನ್ನು ಕದಿಯಲು ಹೋಗುತ್ತಾನೆ. ಸದ್ದಿಗೆ ಬೆಚ್ಚಿ ಒಳ್ಳೆಯ ಮಿದುಳಿನ ಜಾಡಿಯನ್ನು ಬೀಳಿಸುತ್ತಾನೆ. ಬದಲಿಗೆ ಅಪರಾಧಿಯೊಬ್ಬನ ದೋಷಯುಕ್ತ ಮಿದುಳನ್ನು ತರುತ್ತಾನೆ. ಒಂದೇ ದೃಶ್ಯದಲ್ಲಿ ಕಾದಂಬರಿಯ ಕೇಂದ್ರಪ್ರಶ್ನೆ ತಲೆಕೆಳಗಾಗುತ್ತದೆ. ಮೇರಿಯ ಜೀವಿ ಕರುಣೆಯ ಸ್ವಭಾವದಿಂದ ಹುಟ್ಟಿ, ತಿರಸ್ಕಾರದಿಂದ ಕ್ರೂರಿಯಾದವನು. ಚಿತ್ರದ ಜೀವಿಯ ಕ್ರೌರ್ಯ ಜಾಡಿಯಲ್ಲೇ ಸಿದ್ಧವಾಗಿದೆ. ಕೇಡು ಆಗುವಂಥದ್ದೋ ಹುಟ್ಟಿಬರುವಂಥದ್ದೋ ಎಂಬ ಪ್ರಶ್ನೆಗೆ ಕಾದಂಬರಿ ಮೊದಲನೆಯದನ್ನು ಉತ್ತರವಾಗಿ ಕೊಟ್ಟರೆ, ಚಿತ್ರಕಥೆ ಎರಡನೆಯದನ್ನು ಆರಿಸಿಕೊಂಡಿತು. ತಪ್ಪು ಸೃಷ್ಟಿಕರ್ತನ ನಡತೆಯಿಂದ ಸಹಾಯಕನ ಕೈಜಾರಿಗೆ ವರ್ಗಾವಣೆಯಾಯಿತು.

ಸೃಷ್ಟಿಯ ದೃಶ್ಯವೂ ಇದಕ್ಕೆ ಹೊಂದಿಕೊಂಡೇ ಬದಲಾಗಿದೆ. ಕಾದಂಬರಿಯಲ್ಲಿ ನವೆಂಬರ್ ತಿಂಗಳ ಮಳೆಯ ರಾತ್ರಿ, ಉರಿದು ಮುಗಿಯುತ್ತ ಬಂದ ಮೇಣದಬತ್ತಿ, ಮೆಲ್ಲನೆ ತೆರೆಯುವ ಒಂದು ಮಂಕು ಕಣ್ಣು. ಕೆಲವೇ ವಾಕ್ಯಗಳಲ್ಲಿ ಸೃಷ್ಟಿ ಮುಗಿದು, ಓಡಿಹೋಗುವ ವಿಕ್ಟರನ ಹೇಡಿತನ ಆರಂಭವಾಗುತ್ತದೆ. ಚಿತ್ರದಲ್ಲಿ ಕೆನೆತ್ ಸ್ಟ್ರಿಕ್‌ಫ್ಯಾಡನ್ ನಿರ್ಮಿಸಿದ ಕಿಡಿ ಕಾರುವ ಯಂತ್ರಗಳು, ಸಿಡಿಲು, ಛಾವಣಿಯತ್ತ ಏರುವ ಮಂಚ, ಬದುಕಿದೆ ಬದುಕಿದೆ ಎಂಬ ಹೆನ್ರಿಯ ಉನ್ಮಾದದ ಕೂಗು. ದೇವರಾಗುವುದೆಂದರೇನೆಂದು ತನಗೀಗ ತಿಳಿಯಿತು ಎಂಬರ್ಥದ ಅವನ ಮಾತನ್ನು ಮರುಬಿಡುಗಡೆಯ ವೇಳೆಗೆ ಸೆನ್ಸಾರ್ ನಿಯಮಗಳಿಗೆ ಮಣಿದು ಗುಡುಗಿನ ಸದ್ದಿನಲ್ಲಿ ಅಡಗಿಸಲಾಯಿತು. ಸೆನ್ಸಾರಿಗೆ ಪಾಪವಾಗಿ ಕಂಡದ್ದು ಮನುಷ್ಯ ದೇವರ ಕೆಲಸಕ್ಕೆ ಕೈಹಾಕಿದ್ದು. ಮೇರಿಗೆ ಪಾಪವಾಗಿ ಕಂಡದ್ದು ಬೇರೆ: ಜೀವ ಕೊಟ್ಟದ್ದಕ್ಕಿಂತಲೂ, ಕೊಟ್ಟ ಮೇಲೆ ಕೈಬಿಟ್ಟದ್ದು.

ಆದರೂ ಈ ಚಿತ್ರ ಇಂದಿಗೂ ಬದುಕಿರುವುದು ಯಂತ್ರಗಳ ಬೆರಗಿನಿಂದ ಮಾತ್ರವಲ್ಲ. ಬೋರಿಸ್ ಕಾರ್ಲಾಫ್ ಎಂಬ ನಟನ ದೇಹಭಾಷೆಯಿಂದ. ಚಪ್ಪಟೆ ತಲೆ, ಕತ್ತಿನ ಲೋಹದ ಕೀಲು, ಭಾರವಾದ ಬೂಟುಗಳಿಂದ ಕೂಡಿದ ರೂಪವನ್ನು ಪ್ರಸಾಧಕ ಜ್ಯಾಕ್ ಪಿಯರ್ಸ್ ರೂಪಿಸಿದ. ಆ ರೂಪದೊಳಗಿಂದ ಕಾರ್ಲಾಫ್ ಮಾಡಿದ ಒಂದು ಅಭಿನಯ ಚಿತ್ರಕಥೆಯ ಮಿದುಳಿನ ವಾದವನ್ನೇ ಸುಳ್ಳು ಮಾಡುತ್ತದೆ. ಕತ್ತಲ ಕೋಣೆಯಲ್ಲಿ ಕುಳಿತ ಜೀವಿಯ ಮೇಲೆ ಹೆನ್ರಿ ಛಾವಣಿ ತೆರೆದು ಬೆಳಕು ಬೀಳುವಂತೆ ಮಾಡಿದಾಗ ಅದು ಎದ್ದುನಿಂತು ಎರಡೂ ಕೈಗಳನ್ನೆತ್ತಿ ಬೆಳಕನ್ನು ಹಿಡಿಯಲು ಹವಣಿಸುತ್ತದೆ. ಛಾವಣಿ ಮುಚ್ಚಿದಾಗ ಅದೇ ಕೈಗಳನ್ನು ಹೆನ್ರಿಯತ್ತ ಚಾಚಿ ಯಾಚಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಫ್ರಿಟ್ಸ್ ಪಂಜು ಹಿಡಿದು ಅದನ್ನು ಹಿಂಸಿಸುತ್ತಾನೆ. ದೋಷಯುಕ್ತ ಮಿದುಳಲ್ಲ, ಪಂಜಿನ ಬೆಂಕಿಯೇ ಅದನ್ನು ಕೆರಳಿಸಿತೆಂದು ನೋಡುಗನಿಗೆ ಅನಿಸುತ್ತದೆ. ಸಿನಿಮಾ ಮಾತು ಕಲಿತು ನಾಲ್ಕೇ ವರ್ಷಗಳಾಗಿದ್ದ ಕಾಲದಲ್ಲಿ, ಎಲ್ಲರೂ ಮಾತನಾಡುವ ಚಿತ್ರವೊಂದರಲ್ಲಿ, ಮಾತಿಲ್ಲದ ಒಂದೇ ಪಾತ್ರ ಅತ್ಯಂತ ನಿಚ್ಚಳವಾಗಿ ಸಂವಹಿಸಿತು.

ಇದೇ ಬಗೆಯ ಇನ್ನೊಂದು ದೃಶ್ಯ ಕೆರೆಯ ದಂಡೆಯದು. ಮರಿಯಾ ಎಂಬ ಪುಟ್ಟ ಹುಡುಗಿ ಹೆದರದೆ ಜೀವಿಯ ಕೈಗೆ ಹೂ ಕೊಡುತ್ತಾಳೆ. ಇಬ್ಬರೂ ಹೂಗಳನ್ನು ನೀರಿಗೆಸೆದು ತೇಲುವುದನ್ನು ನೋಡುತ್ತಾರೆ. ಹೂಗಳು ಮುಗಿದಾಗ, ಅವಳೂ ತೇಲುವಳೆಂದು ಭಾವಿಸಿ ಜೀವಿ ಅವಳನ್ನು ಎತ್ತಿ ನೀರಿಗೆ ಹಾಕುತ್ತದೆ. ಈ ಕೊನೆಯ ಭಾಗವನ್ನು ಸೆನ್ಸಾರ್ ಕತ್ತರಿಸಿತು; ದಶಕಗಳ ಕಾಲ ಪ್ರೇಕ್ಷಕರು ಕಂಡದ್ದು ಮಗುವಿನತ್ತ ಚಾಚಿದ ಕೈಗಳನ್ನು, ಅನಂತರ ಮಗುವಿನ ಹೆಣವನ್ನು ಹೊತ್ತು ಬರುವ ತಂದೆಯನ್ನು. ಕತ್ತರಿ ಸೌಮ್ಯಗೊಳಿಸಲು ಹೊರಟು, ಅರಿಯದೆ ನಡೆದ ಅನಾಹುತವನ್ನು ಹೇಳಲಾಗದ ಕ್ರೌರ್ಯವೆಂಬಂತೆ ಮಾಡಿತು. ಆ ತುಣುಕು ಮರಳಿ ಸೇರಿದ್ದು 1980ರ ದಶಕದಲ್ಲಿ. ಕಾದಂಬರಿಯಲ್ಲಿ ನೀರಿನಿಂದ ಹುಡುಗಿಯನ್ನು ಎತ್ತಿ ಗುಂಡೇಟು ತಿಂದವನು, ಚಿತ್ರದಲ್ಲಿ ಹುಡುಗಿಯನ್ನು ನೀರಿಗೆ ಹಾಕಿ ಊರ ಜನರ ಪಂಜುಗಳಿಗೆ ಗುರಿಯಾಗುತ್ತಾನೆ. ಹಳೆಯ ಗಾಳಿಗಿರಣಿಯಲ್ಲಿ ಜೀವಿ ಬೆಂಕಿಗೆ ಸಿಲುಕುತ್ತದೆ. ಹೆನ್ರಿ ಬದುಕುಳಿದು ವಧುವಿನ ಬಳಿಗೆ ಮರಳುತ್ತಾನೆ. ಕಾದಂಬರಿಯ ವಿಕ್ಟರ್ ತನ್ನವರಲ್ಲಿ ಬಹುಪಾಲು ಜನರನ್ನೂ, ಕೊನೆಗೆ ಪ್ರಾಣವನ್ನೂ ಕಳೆದುಕೊಂಡವನು. ಚಿತ್ರದ ಹೆನ್ರಿ ಕೊಡಬೇಕಾದ ಲೆಕ್ಕ ಬಾಕಿಯೇ ಉಳಿಯುತ್ತದೆ.

ಜೈನ ಹಿಂಸಾಮೀಮಾಂಸೆಯ ಬೆಳಕಿನಲ್ಲಿ ಈ ಎರಡು ಕೃತಿಗಳನ್ನು ಇಟ್ಟು ನೋಡಿದರೆ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ‘ತತ್ವಾರ್ಥಸೂತ್ರ’ವು ಹಿಂಸೆಯನ್ನು ಪ್ರಾಣಹರಣವೆಂದಷ್ಟೇ ಹೇಳದೆ, ಪ್ರಮಾದದಿಂದ ಕೂಡಿದ ಪ್ರಾಣಹರಣವೆಂದು ನಿರೂಪಿಸುತ್ತದೆ. ಕೃತ್ಯದ ಹಿಂದಿನ ಭಾವ ಅಲ್ಲಿ ನಿರ್ಣಾಯಕ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ; ಆದರೆ ಕೊಲ್ಲುವ ಸಂಕಲ್ಪವಿದ್ದುದರಿಂದ ತಾಯಿಮಗ ಭವಭವಗಳಲ್ಲಿ ಅದರ ಫಲ ಉಣ್ಣುತ್ತಾರೆ. ಕತ್ತಿ ಬಿದ್ದಾಗ ಆ ಕೃತಕ ಕೋಳಿ ಕೂಗುವುದು ಕಾವ್ಯದ ಮೈನಡುಗಿಸುವ ಕ್ಷಣ: ಮಾಡಿದ ವಸ್ತುವಿಗೆ ದನಿ ಬಂದೊಡನೆ ಮಾಡಿದವನ ಪಾಪ ಅವನಿಗೇ ಕೇಳಿಸುತ್ತದೆ. ಮರಿಯಾಳ ಸಾವು ಇದರ ವಿಲೋಮ; ಅಲ್ಲಿ ಪ್ರಾಣ ಹೋಗಿದೆ, ಕೊಲ್ಲುವ ಸಂಕಲ್ಪವಿಲ್ಲ. ಇನ್ನು ವಿಕ್ಟರನಾದರೋ ಯಾರನ್ನೂ ಕೈಯಾರೆ ಕೊಂದವನಲ್ಲ. ಆದರೆ ಪ್ರಮಾದ ಎಂಬ ಪದಕ್ಕೆ ಅವನಿಗಿಂತ ಸಮರ್ಪಕ ನಿದರ್ಶನ ಸಿಗುವುದು ಕಷ್ಟ. ಜಸ್ಟೀನ್ ನಿರಪರಾಧಿಯೆಂದು ಬಲ್ಲ ಅವನು, ಹೇಳಿದರೆ ಯಾರೂ ನಂಬರೆಂಬ ನೆಪದಲ್ಲಿ ಬಾಯಿ ಮುಚ್ಚಿಕೊಂಡು ಆಕೆ ಗಲ್ಲಿಗೇರುವುದನ್ನು ನೋಡುತ್ತಾನೆ. ಕಾದಂಬರಿಯ ನಿಜವಾದ ಮೂಕನಿದ್ದರೆ ಅದು ವಿಕ್ಟರನೇ.

ಚಿತ್ರತಂಡಕ್ಕೂ ಈ ಮೌನ ಕಾಡಿರಬೇಕು. 1935ರಲ್ಲಿ ವೇಲ್ ನಿರ್ದೇಶಿಸಿದ ಮುಂದುವರಿದ ಭಾಗ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಮೇರಿ, ಪರ್ಸಿ, ಬೈರನ್ನರ ಮಾತುಕತೆಯಿಂದಲೇ ಆರಂಭವಾಗುತ್ತದೆ. ಎಲ್ಸಾ ಲ್ಯಾಂಚೆಸ್ಟರ್ ಅದರಲ್ಲಿ ಮೇರಿಯೂ ಹೌದು, ಕೊನೆಯಲ್ಲಿ ಸೃಷ್ಟಿಯಾಗುವ ವಧುವೂ ಹೌದು. ಕಾದಂಬರಿಯ ಕುರುಡ ಮುದುಕ ಇಲ್ಲಿ ಕುರುಡ ಸನ್ಯಾಸಿಯಾಗಿ ಮರಳಿ ಬಂದು ಜೀವಿಗೆ ರೊಟ್ಟಿ, ಗೆಳೆಯ, ಒಳಿತು ಎಂಬ ಕೆಲವು ಪದಗಳನ್ನು ಕಲಿಸುತ್ತಾನೆ. ಜೀವಿಗೆ ಮಾತು ಕೊಡುವುದು ಕಾರ್ಲಾಫ್‌ಗೆ ಇಷ್ಟವಿರಲಿಲ್ಲ. ನಟನಾಗಿ ಅವನ ಆಕ್ಷೇಪ ಅರ್ಥವಾಗುವಂಥದ್ದೇ. ಆದರೆ ಆ ಬೆರಳೆಣಿಕೆಯ ಪದಗಳಿಂದಲೇ ಅದು ತನ್ನ ಒಂಟಿತನವನ್ನು ಹೇಳಿಕೊಳ್ಳುತ್ತದೆ. ಮಿಲ್ಟನ್ನನನ್ನು ಓದಿದ ವಾಗ್ಮಿಗೆ ನೂರು ವರ್ಷಗಳ ಬಳಿಕ ಮರಳಿ ದೊರೆತದ್ದು ಒಂದು ಹಿಡಿ ಪದಗಳು ಮಾತ್ರ.

ಇಂಗ್ಲಿಷಿನಲ್ಲಿ ಈ ಜೀವಿಯ ಬಗ್ಗೆ ಬರೆಯುವವರು ಹೆಸರಿನ ಗೊಂದಲದಲ್ಲಿ ಸಿಲುಕುತ್ತಾರೆ. ಸೃಷ್ಟಿಕರ್ತನ ಹೆಸರೇ ಸೃಷ್ಟಿಗೂ ಅಂಟಿಕೊಂಡು ಬಹುಕಾಲವಾಗಿದೆ. ಕನ್ನಡದಲ್ಲಿ ಬರೆಯುವವರಿಗೆ ಎದುರಾಗುವ ಗೊಂದಲ ವ್ಯಾಕರಣದ್ದು. ಪ್ರತಿ ವಾಕ್ಯದ ಕ್ರಿಯಾಪದದಲ್ಲೂ ‘ಅವನು’ ಎನ್ನಬೇಕೋ ‘ಅದು’ ಎನ್ನಬೇಕೋ ಎಂದು ತೀರ್ಮಾನಿಸಲೇಬೇಕು, ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕಾದಂಬರಿಯನ್ನು ಕುರಿತು ಬರೆಯುವಾಗ ‘ಅವನು’ ತಾನಾಗಿ ಬರುತ್ತದೆ, ಚಿತ್ರವನ್ನು ಕುರಿತಾಗ ‘ಅದು’. ಬೆಳಕಿಗೆ ಚಾಚಿದ ಆ ಎರಡು ಕೈಗಳನ್ನು ನೆನೆದಾಗ ಮಾತ್ರ ‘ಅದು’ ಎಂದು ಬರೆಯಲು ಲೇಖನಿ ಹಿಂಜರಿಯುತ್ತದೆ. ಕಾರ್ಲಾಫ್‌ನ ಮೂಕಾಭಿನಯ ನೋಡುಗನಿಂದ ಕರುಣೆಯನ್ನು ಪಡೆಯಿತು. ಮೇರಿ ಶೆಲ್ಲಿಯ ಜೀವಿ ಕೇಳಿದ್ದು ಕರುಣೆಯನ್ನಷ್ಟೇ ಅಲ್ಲ, ನ್ಯಾಯವನ್ನು. ನ್ಯಾಯ ಕೇಳಲು ಮಾತು ಬೇಕು.